ನುಣುಪಾದ ಬಾಗಿಲು

ಬೆಳಿಗ್ಗೆ ಹತ್ತೂವರೆಗೆ, ಮನೆ ಕಟ್ಟಿಸುತ್ತಿದ್ದ ದಂಪತಿ ಬಾಗಿಲು ಕೊಳ್ಳಲು ಅಣ್ಣತಮ್ಮಂದಿರ ಮರಗೆಲಸದ ಶೆಡ್ಡಿಗೆ ಬಂದರು. ಅವರಿಗೆ ಕೈಯಲ್ಲಿ ಕೆತ್ತಿದ್ದೇ ಬೇಕಿತ್ತು.

ಗೋಡೆಗೆ ಎರಡು ಬಾಗಿಲು ಒರಗಿಸಿದ್ದರು. ಎರಡರಲ್ಲೂ ಒಂದೇ ಬಳ್ಳಿಯ ಕೆತ್ತನೆ. ಒಂದನ್ನು ಅಣ್ಣ ತಿಂಗಳುಗಟ್ಟಲೆ ಕೂತು ಉಳಿಯಲ್ಲೇ ಕೆತ್ತಿದ್ದ. ಇನ್ನೊಂದನ್ನು ತಮ್ಮನ ಯಂತ್ರ ಒಂದೇ ದಿನದಲ್ಲಿ ಕೊರೆದಿತ್ತು. ಕೈಕೆಲಸದಂತೆ ಕಾಣಲೆಂದು ತಮ್ಮ ಅದರ ಮೇಲೆ ಅಲ್ಲಲ್ಲಿ ಉಳಿಯಿಂದ ಕಚ್ಚು ಹಾಕಿದ್ದ. ಇವತ್ತು ಅಣ್ಣನ ಬಾಗಿಲು ಮಾರಾಟವಾಗದಿದ್ದರೆ ಅವನೂ ಉಳಿ ಬಿಟ್ಟು ಯಂತ್ರಕ್ಕೆ ಬರಬೇಕೆಂದು ಇಬ್ಬರಲ್ಲೂ ಮಾತಾಗಿತ್ತು.

ಹೆಂಡತಿ ಅಣ್ಣನ ಬಾಗಿಲ ಮೇಲೆ ಬೆರಳಾಡಿಸಿದಳು. "ಇದು ಮಷೀನಿಂದು ಕಣ್ರೀ, ಎಷ್ಟು ನುಣುಪಾಗಿದೆ ನೋಡಿ. ಅದರಲ್ಲಾದ್ರೆ ಉಳಿ ಬಿದ್ದಿರೋದು ಕಾಣ್ತಿದೆ."

"ಉಳಿ ಬಿದ್ದಿದ್ದು ಕಾಣಬಾರದು ಅಂತಾನೇ ನಮ್ಮಪ್ಪ ಬೈದು ಬೈದು ಕಲಿಸಿದ್ದಮ್ಮ," ಎಂದ ಅಣ್ಣ.

ಗಂಡ ನಕ್ಕ. "ಮಾತಿಗೂ ಚೆನ್ನಾಗಿ ಪಾಲಿಶ್ ಹಾಕ್ತೀರಲ್ಲ ಯಜಮಾನ್ರೆ."

ಪಕ್ಕದಲ್ಲೇ ಇದ್ದ ತಮ್ಮ ತನ್ನ ಬಾಗಿಲಿನ ಧೂಳು ಒರೆಸಿದ. ಕಚ್ಚು ಹಾಕಿದ ಬಾಗಿಲು ಅವರ ಗಾಡಿ ಏರಿತು.

ಮಧ್ಯಾಹ್ನ ಅಣ್ಣ ತನ್ನ ಬಾಗಿಲನ್ನು ಮಲಗಿಸಿ, ಬಳ್ಳಿಯುದ್ದಕ್ಕೂ ಕಚ್ಚು ಹಾಕಿದ. ಸಂಜೆ ಬಂದ ಗಿರಾಕಿ ಅದನ್ನು ಚೌಕಾಸಿಯಿಲ್ಲದೆ ಕೊಂಡೊಯ್ದ. ಮರುದಿನ ಅಣ್ಣ ತಾನಾಗಿಯೇ ಯಂತ್ರ ಚಾಲೂ ಮಾಡಿದ.