ಎರಡನೇ ಶನಿವಾರದ ವಿಮಾನ

ತಕ್ಕಡಿಯ ಕೆಂಪು ಅಂಕಿ ಒಂಬತ್ತರ ಮ್ಯಾಲ ನಡಗಾಕತ್ತೈತಿ, ಇಳೀತೈತೇನೋ ಅಂತ ಉಸಿರು ಹಿಡದು ನೋಡಾಕತ್ತೇನಿ, ನಾ ಉಸಿರು ಹಿಡದ್ರ ಬ್ಯಾಗೇನು ಹಗೂರ ಆಗ್ತೈತಿ, ಹಿಂದ ಹಸಿ ಗೋಣಿತಟ್ಟಿನ ವಾಸನಿ, ಎಲಿ ವಾಸನಿ, ಅಂದ್ರ ಶೇಖಸಾಬರು ನನ್ನ ಬೆನ್ನಿಗೇ ನಿಂತಾರ, ಸವಣೂರಿನ ವೀಳ್ಯದೆಲಿ ಬುಟ್ಟಿ ಕಾಲ ಹತ್ರ ಇಟ್ಕೊಂಡು, ಅವರ ಹಿಂದ ಹಿರೇಕೆರೂರಿನ ಬೀಜದ ವ್ಯಾಪಾರಿ ಗುದ್ಲೆಪ್ಪಣ್ಣ, ಅವರ ಹಿಂದ ಹುಬ್ಬಳ್ಳಿ ಮಂದಿ — ಮೇಡಂ, ಏಳು ಕಿಲೋ ಅಷ್ಟರೀ ಈಗ, ಅಂತಾಳ ಏರ್ಪೋರ್ಟ್ ಕೌಂಟರಿನ ಸುಧಾರಾಣಿ, ಹಾನಗಲ್ಲಿನ ಹುಡುಗಿ, ಹೋದ ತಿಂಗಳ ತನಕಾ ನನ್ನ ಬಂಗಾರ ಬಣ್ಣದ ಕಾರ್ಡು ನೋಡಿದ್ರ ಸಾಕು, ತಕ್ಕಡಿ ಕಡೆ ಕಣ್ಣು ಹಾಯಿಸ್ತಿರಲಿಲ್ಲ, ಮಗಳಿಗೆ ಈ ಸಲ ಏನ ಒಯ್ಯಾಕತ್ತೀರಿ ಅಂತ ನಕ್ಕೋಂತ ಕೇಳ್ತಿದ್ಲು, ಈಗ ನಗು ಇಲ್ಲ, ಹೆಚ್ಚಿಂದಕ್ಕ ಫೀ ತುಂಬಬೇಕ್ರಿ, ಕಾರ್ಡಿನವರಿಗೂ ಅಷ್ಟ, ರೂಲ್ಸ್ ಬದಲಾಗ್ಯಾವ್ರಿ, ಅದು ಆಕಿ ಮಾತಲ್ಲ, ಕಲಿಸಿದ ಮಾತು — ಬ್ಯಾಗಿನ್ಯಾಗ ಭಾರ ಯಾವುದು ಅಂತ ನನಗ ಗೊತ್ತೈತಿ, ಕೌದಿ, ನಮ್ಮವ್ವ ಸರೋಜವ್ವ ಹೊಲಿದ ಕೌದಿ, ಆಕಿ ಇಳಕಲ್ ಸೀರಿ, ನನ್ನ ಹಳೇ ವಾಯಿಲ್ ಸೀರಿ, ನೀಲಾ ಸಣ್ಣಾಕಿದ್ದಾಗಿನ ಫ್ರಾಕು, ಎಲ್ಲಾ ತುಂಡು ಕೂಡಿಸಿ ಹೊಲಿದದ್ದು, ಇಲ್ಲಿ ಬಾಳ ಥಂಡಿ ಅವ್ವಾ, ಪಪ್ಪ ತಂದ ರಜಾಯಿ ಚುಚ್ಚತೈತಿ, ಅಜ್ಜಿ ಕೌದಿ ತಾ, ಫೋನಿನ್ಯಾಗ ಅಂದಿದ್ಲು ನೀಲಾ, ಹಿಂದ ಟಿವಿ ಸಪ್ಪಳ ಕೇಳ್ತಿತ್ತು — ಮೇಡಂ, ತುಂಬತೀರೇನ್ರಿ, ಸುಧಾರಾಣಿ ಮತ್ತ ಕೇಳ್ತಾಳ, ನಾ ಹಿಂದ ತಿರುಗಿ ನೋಡಂಗಿಲ್ಲ, ಆದ್ರೂ ಗುದ್ಲೆಪ್ಪಣ್ಣ ನನ್ನ ಕುತ್ತಿಗಿ ನೋಡಾಕತ್ತಾರ ಅಂತ ಗೊತ್ತಾಗಾಕತ್ತೈತಿ, ಇಲ್ಲವಾ, ತುಂಬಂಗಿಲ್ಲ, ಅಂತೇನಿ, ನನ್ನ ದನಿ ನನಗ ಬ್ಯಾರೆಯವರದ ಅನಸ್ತೈತಿ.

ಎರಡನೇ ಶನಿವಾರ, ಕಾಲೇಜಿಗೆ ಸೂಟಿ, ಎಲ್ಲಾರೂ ಮಲಗಿರೋ ಹೊತ್ತಿನ್ಯಾಗ ನಾ ಶಿಗ್ಗಾಂವದ ಬೈಪಾಸಿಗೆ ಬಂದು ನಿಂದ್ರತೇನಿ, ತಿಂಗಳಾ ನಿಂತೇನಿ, ಕೋರ್ಟು ಕೊಟ್ಟದ್ದು ತಿಂಗಳಿಗೆ ಒಂದು ಮಧ್ಯಾಹ್ನ, ದಿಲ್ಲಿಯೊಳಗ, ಕೋರ್ಟಿನ ಭೇಟಿ ಖೋಲ್ಯಾಗ, ಅದು ಸೂಟಿ ದಿನಾನೂ ತಗದಿರತೈತಿ, ಅರ್ಧಾ ತಾಸು ತಡಾ ಆದ್ರ ಅವತ್ತಿಂದು ಹೋತು, ಶಾಲಿ ನಡುವ ಬಿಡಸೂದು ಬ್ಯಾಡ, ಮಗಳು ತಂದಿ ಹತ್ರನ ಇರಲಿ ಅಂದಿತ್ತು ಕೋರ್ಟು, ಗಂಡ ಆಗಿದ್ದ ಫಕ್ಕೀರೇಶ ಹೂಂ ಅಂತ ತಲಿ ಅಲ್ಲಾಡಿಸಿದ್ದ, ಸಭ್ಯ ಮನಶ್ಯಾ, ಎಂದೂ ದನಿ ಏರಿಸಿದಾಂವ ಅಲ್ಲ, ಅಂವ ದನಿ ಏರಿಸಿದ್ರ ಬೇಸಿತ್ತು, ನಾನೂ ಏರಿಸ್ತಿದ್ದೆ, ಒಂದು ಮನಿಯೊಳಗ ಇಬ್ರು ಮಾತಿಲ್ಲದ ವರ್ಷಾನುಗಟ್ಟಲೆ — ಬ್ಯಾಡ, ಅದು ಈಗ ಬ್ಯಾಡ — ಲೆಕ್ಚರರ್ ಪಗಾರದಾಗ ತಿಂಗಳಾ ದಿಲ್ಲಿಗೆ ಹ್ಯಾಂಗ ಹೋಗ್ತೀ ಅಂತ ಸ್ಟಾಫ್ ರೂಮಿನ್ಯಾಗ ಕೇಳ್ತಾರ, ಪಾಯಿಂಟಿನ ಮ್ಯಾಲ್ರಿ ಅಂತೇನಿ, ನಗ್ತಾರ, ನನ್ನ ತಮ್ಮ ಚನ್ನೇಶನ ಟ್ರ್ಯಾಕ್ಟರಿನ ಡಿಸೇಲು, ಓಣ್ಯಾಗ ಯಾರರ ಫ್ರಿಜ್ ತಗೊಂಡ್ರ ಅದು, ಬಾಜೂ ಮನಿ ನುಜಹತನ ಮದವಿ ಬಟ್ಟಿ, ಎಲ್ಲಾದಕ್ಕೂ ವಿಮಾನ ಕಂಪನಿ ಕೊಟ್ಟ ನನ್ನ ಕಾರ್ಡು ಉಜ್ಜಸ್ತಿದ್ದೆ, ರೊಕ್ಕ ಅವರು ನನಗ ಕೊಡ್ತಿದ್ರು, ತನುಜಾನ ಕಾರ್ಡಿನ್ಯಾಗ ಹಾಕ್ರಿ, ಮಗಳನ್ನ ನೋಡಾಕ ಹೋಗ್ತಾಳ ಅಂತ ಓಣಿ ಮಂದಿನ ಅಂತಿದ್ರು, ಹನಿ ಹನಿ ಪಾಯಿಂಟು ಬಿದ್ದು ಒಂದು ಟಿಕೀಟು ಆಗ್ತಿತ್ತು, ಆಮ್ಯಾಲ ಒಂದಿನ ಕಂಪನಿ ಮೆಸೇಜು ಬಂತು, ನಿಮ್ಮ ನಿಷ್ಠೆಗೆ ನಾವು ಚಿರಋಣಿ ಅಂತ ಶುರುವಾಗಿತ್ತು, ನಿಷ್ಠೆ, ಆ ಶಬ್ದ ನೋಡಿ ನಕ್ಕಿದ್ದೆ, ಕೆಳಗ ಓದಿದೆ, ಇಷ್ಟು ದಿನ ಒಂದು ಟಿಕೀಟು ಬರೋ ಪಾಯಿಂಟಿಗೆ ಇನ್ನ ಅರ್ಧಾ ಬರ್ತೈತಿ, ಶನಿವಾರ ಐತವಾರ ಪಾಯಿಂಟಿನ ಸೀಟು ಇಲ್ಲ, ತಾರೀಖು ಬದಲು ಮಾಡಿದ್ರ ಫೀ, ಸಾಮಾನಿಗೆ ಫೀ, ಶನಿವಾರ ಇಲ್ಲ, ನಾ ಎರಡು ಸಲ ಓದಿದೆ, ನನ್ನ ಕೋರ್ಟು ಕೊಟ್ಟದ್ದು ಶನಿವಾರ, ಹಳೇ ರೂಲ್ಸಿನ್ಯಾಗ ತಗಸಿದ ಟಿಕೀಟು ಇದೊಂದ ಉಳದೈತಿ, ಇವತ್ತಿಂದು, ಮುಂದಿನ ತಿಂಗಳದ್ದು ಗೊತ್ತಿಲ್ಲ.

ಅದಕ್ಕ ಹೂಂ ಅಂದಿದ್ದೆ, ಗುದ್ಲೆಪ್ಪಣ್ಣ ಕೇಳಿದಾಗ ಹಿಂದ ಮುಂದ ನೋಡಲಿಲ್ಲ, ಅವರ ಕಾರಿನ್ಯಾಗನ ನಾವು ಮೂರೂ ಮಂದಿ ಏರ್ಪೋರ್ಟಿಗೆ ಬರೂದು, ಮೊದಲೊಮ್ಮೆ ಬೈಪಾಸಿನ್ಯಾಗ ಬಸ್ಸು ತಪ್ಪಿ ನಿಂತಿದ್ದೆ, ಶೇಖಸಾಬರು ಕಿಟಕಿ ಇಳಿಸಿ, ಅಕ್ಕಾರ, ಅದ ವಿಮಾನಕ್ಕ ಹೊಂಟೀವಿ ಬರ್ರಿ ಅಂದಿದ್ರು, ಅವತ್ತಿನಿಂದ ಹಂಗ ನಡದೈತಿ, ತಿಂಗಳಾ ಹೋಗವರದೆಲ್ಲಾ ಫೋನಿನ್ಯಾಗ ಒಂದು ಗುಂಪು ಮಾಡಿದ್ರು ಗುದ್ಲೆಪ್ಪಣ್ಣ, ಹೊಸಾ ರೂಲ್ಸು ಬಂದಾಗ ಆ ಗುಂಪು ಜೇನುಗೂಡಿಗೆ ಕಲ್ಲು ಒಗದಂಗ ಆತು, ಯಾರೋ ಬೈದ್ರು, ಯಾರೋ ಕಂಪನಿಗೆ ಬರದ್ರು, ಉತ್ತರ ಬರಲಿಲ್ಲ, ಕಡೀಕ ಗುದ್ಲೆಪ್ಪಣ್ಣ ಅಂದ್ರು, ಎರಡನೇ ಶನಿವಾರ ಎಲ್ಲಾರೂ ಕೌಂಟರ್ ಮುಂದ ನಿಲ್ಲೂದು, ಯಾರೂ ಫೀ ಕೊಡೂದಿಲ್ಲ, ಯಾರೂ ವಿಮಾನ ಹತ್ತೂದಿಲ್ಲ, ಕಂಪನಿ ಸಾಹೇಬ ಬಂದು ಬರದು ಕೊಡೂ ತನಕಾ ಸರಿಯೂದಿಲ್ಲ, ಮೇಡಂ ಅವ್ರ, ನಮಗ ವ್ಯಾಪಾರದ ಮಾತು ಬರ್ತಾವ, ಅವರ ಕೂಡ ಇಂಗ್ಲೀಷಿನ್ಯಾಗ ನೀವ ಮಾತಾಡಬೇಕು, ನೀವು ಮುಂದ ನಿಂದ್ರಿ — ನಿಂತೇನಿ, ಮುಂದ ನಿಂತೇನಿ, ಸಾಹೇಬ ಇನ್ನಾ ಬಂದಿಲ್ಲ, ಬರಾಕತ್ತಾರ ಅಂತಾರ, ನಾ ಅಂದ್ಕೊಂಡಿದ್ದೆ ಅಂವ ಲಗೂನ ಬರ್ತಾನ, ಇಷ್ಟು ಮಂದಿ ನೋಡಿ ಹೆದರಿ ಸಹಿ ಹಾಕ್ತಾನ, ವಿಮಾನ ಸಿಗ್ತೈತಿ, ಎರಡೂ ಆಗ್ತಾವ ಅಂದ್ಕೊಂಡಿದ್ದೆ, ಎರಡೂ ಆಗಬೇಕು ಅಂದ್ಕೊಳ್ಳೂದು ನನ್ನ ಚಾಳಿ — ಕೌಂಟರು ಮುಚ್ಚೂ ಹೊತ್ತು ಬಂತು ಅಂತ ಮ್ಯಾಲ ಸ್ಪೀಕರಿನ್ಯಾಗ ಹೇಳಾಕತ್ತಾರ, ಹಿಂದ ಯಾರೋ ಚಪ್ಪಾಳಿ ಬಡದ್ರು, ಮುಚ್ಚಲಿ, ಮುಚ್ಚಲಿ, ಖಾಲಿ ವಿಮಾನ ಹಾರಿಸ್ಲಿ ಅಂದ್ರು, ನನ್ನ ಎದಿ ಆ ಚಪ್ಪಾಳಿಗೆ ಒಂದೊಂದು ಮೆಟ್ಟಲಾ ಕೆಳಗ ಇಳೀತೈತಿ, ಸುಧಾರಾಣಿ ಮುಂದ ಬಾಗಿ, ನನಗಷ್ಟ ಕೇಳೂಹಂಗ, ಮೇಡಂ, ನೀವು ಹೋಗೂದಾದ್ರ ಈಗ ಹೋಗಬೇಕ್ರಿ, ಆಮ್ಯಾಲ ನನ್ನ ಕೈಯಾಗೂ ಇಲ್ಲ, ಅಂತಾಳ.

ಬ್ಯಾಗಿನ ಚೈನು ಎಳದೇನಿ, ನಾ ಎಳದೆನೋ ಕೈ ತಾನ ಎಳೀತೋ, ಕೌದಿ ಹೊರಗ ಬರಾಕತ್ತೈತಿ, ಎಳದಷ್ಟೂ ಬರ್ತೈತಿ, ಇಳಕಲ್ ಸೀರಿ ಸೆರಗು, ಫ್ರಾಕಿನ ಹೂವು, ಇಷ್ಟು ಮಂದಿ ಮುಂದ, ಹೆಗಲ ಮ್ಯಾಲ ಹಾಕ್ಕೊಂಡೆ, ಸುತ್ತ ಹೊದ್ದೆ, ಮೈಮ್ಯಾಲಿನ ಬಟ್ಟಿಗೆ ಇನ್ನಾ ಫೀ ಹಚ್ಚಿಲ್ಲ ಇವರು, ಬ್ಯಾಗು ತಕ್ಕಡಿ ಮ್ಯಾಲ ಇಟ್ಟೆ, ಅಂಕಿ ಹಸರಾತು, ಸುಧಾರಾಣಿ ಲಗೂ ಲಗೂ ಚೀಟಿ ಹರದು ಕೊಟ್ಲು, ಫೀ ಕೊಟ್ಟಿಲ್ಲ, ನಾ ಮಾತು ಮುರಿದಿಲ್ಲ, ಹಂಗಂತ ಒಳಗ ಒಂದು ದನಿ, ಅದು ಸುಳ್ಳು ಅಂತ ಅದರ ಬೆನ್ನಿಗೇ ಇನ್ನೊಂದು, ತಿರುಗಿದೆ, ಗುದ್ಲೆಪ್ಪಣ್ಣನ ಮಾರಿ — ಅವರು ಬೈಯಲಿಲ್ಲ, ತನುಜಾ ಮೇಡಂ, ನೀವ ಹೋದ್ರ ನಮ್ಮ ಮಾತು ಯಾರು ಆಡ್ತಾರ್ರಿ, ಅಷ್ಟ ಅಂದ್ರು, ನನ್ನ ಮಗಳು ಅನ್ನೂದು ಅವರಿಗೆ ಗೊತ್ತಿಲ್ಲದ್ದೇನು, ತಿಂಗಳಾ ಕಾರಿನ್ಯಾಗ ಕೇಳ್ಯಾರ, ನೀಲಾ ಗಣಿತದಾಗ ಪಾಸಾದದ್ದು, ನೀಲಾ ಹಲ್ಲು ಮುರಕೊಂಡದ್ದು, ದಾರಿ ಇಲ್ಲ, ಸಾಲು ಗ್ವಾಡಿ ಆಗೇತಿ, ಯಾರೂ ಸರಿಯವಲ್ಲರು, ಆಗ ಕೆಳಗ ಕರ್ ಅಂತ ಸಪ್ಪಳ, ಶೇಖಸಾಬರು ಎಲಿ ಬುಟ್ಟಿ ಕಾಲಿನಿಂದ ಬಾಜೂಕ ಸರಿಸಾಕತ್ತಾರ, ಹೋಗ್ರಿ ಅಕ್ಕಾರ, ನಾವು ನಿಂತೇವಲ್ಲ, ಅಂದ್ರು, ತಾವು ಮಾತ್ರ ಸಾಲು ಬಿಡಲಿಲ್ಲ, ಇವತ್ತು ದಿಲ್ಲಿ ಮುಟ್ಟದಿದ್ರ ಆ ಎಲಿ ನಾಳಿಗೆ ಕಪ್ಪಾಗ್ತಾವ, ಅದು ಅವರಿಗೆ ಗೊತ್ತು, ನನಗೂ ಗೊತ್ತು, ಅವರ ಬುಟ್ಟಿ ಸರಿದಷ್ಟ ಜಾಗಾದಾಗ ನಾ ಅಡ್ಡ ತಿರುಗಿ ಹಾದೆ, ಕೌದಿ ಯಾರದೋ ಅಂಗಿ ಗುಂಡಿಗೆ ಸಿಕ್ಕು ಎಳೀತು, ಬಿಡಿಸ್ಕೊಂಡೆ, ಓಡಿದೆ.

ಸೀಟು ಸಿಕ್ಕೈತಿ, ಬೆಲ್ಟು ಹಾಕೇನಿ, ವಿಮಾನ ಅಲ್ಲಾಡವಲ್ದು, ನನ್ನ ಮುಂದಿನ ಸಾಲು ಪೂರಾ ಖಾಲಿ, ಅದು ಗುದ್ಲೆಪ್ಪಣ್ಣನ ಸೀಟು, ಅವರಿಗೆ ಕಿಟಕಿ ಬೇಕು, ಮೋಡ ನೋಡಿ ಮಳಿ ಬರೂ ಹೊತ್ತು ಹೇಳ್ತಾರ, ಯಾಕ ತಡಾ ಅಂತ ಗಗನಸಖಿನ್ನ ಕೇಳಿದೆ, ಕೆಲವು ಮಂದಿ ಸಾಮಾನು ಒಳಗ ಕಳಿಸಿ ತಾವು ಹತ್ತಿಲ್ಲ, ಅವರ ಸಾಮಾನು ಹುಡುಕಿ ಇಳಿಸಬೇಕು ಅಂದ್ಲು, ಹುಬ್ಬಳ್ಳಿಯವರು ಕೆಲವರು ಮೊದಲ ಬಂದು ಸಾಮಾನು ಕೊಟ್ಟು ಆಮ್ಯಾಲ ಸಾಲಿಗೆ ಸೇರಿದ್ರು, ನನ್ನ ಮಂದಿ, ನನ್ನ ಮಂದಿನ ನನ್ನ ವಿಮಾನ ಹಿಡದು ನಿಂತಾರ, ಹೊತ್ತು ಹೋಗಾಕತ್ತೈತಿ, ಕಿಟಕಿ ಹೊರಗ ಬಿಸಲು ಏರಾಕತ್ತೈತಿ, ಪೊಲೀಸರು ಬರಲಿ, ಅವರನ್ನ ಎಳಕೊಂಡು ಹೋಗಲಿ, ಬಾಗಲಾ ಹಾಕಲಿ — ಹಂಗಂದೆನೇನು, ಹೂಂ, ಹಂಗ ಅಂದೆ, ಬುಟ್ಟಿ ಸರಿಸಿದ ಮನಶ್ಯಾನ್ನ ಪೊಲೀಸರು ಎಳೀಲಿ ಅಂದೆ, ತಾಯಿ ಕರುಳು ಅಂತಾರ, ಕರುಳಿನ್ಯಾಗ ಇಷ್ಟು ವಿಷ ಇರ್ತೈತಿ ಅಂತ ಯಾರೂ ಹೇಳಿರಲಿಲ್ಲ, ಫಕ್ಕೀರೇಶಗ ಮೆಸೇಜ್ ಹಾಕೇನಿ, ತಡಾ ಆಗ್ತೈತಿ, ದಯಮಾಡಿ ಕಾಯ್ರಿ, ಮದವಿಯಾಗಿದ್ದಾಗ ನೀ ಅಂತಿದ್ದೆ, ಈಗ ಕಾಯ್ರಿ, ನೀಲಿ ಗೆರಿ ಬಂತು, ಓದ್ಯಾನ — ಬಾಗಲಾ ಹಾಕಿದ್ರು, ಕಡೀಕ ಹಾಕಿದ್ರು, ಖಾಲಿ ಸೀಟು ಹಂಗ ಹೊತ್ಕೊಂಡು ನೆಲಾ ಬಿಟ್ತು, ಕೆಳಗ ರೋಡು, ಲಾರಿ, ಹೊಲದ ಬದುವು, ಆ ಮಂದಿ ಇನ್ನಾ ಅಲ್ಲೇ ನಿಂತಾರೇನು, ಕೌದಿಯೊಳಗ ಮೈ ಬೆವತೈತಿ, ತಗದು ಮಡಚಾಕ ಮನಸಾಗವಲ್ದು.

ದಿಲ್ಲಿ, ಮಂಜು, ಫೋನು ಚಾಲೂ ಮಾಡಿದ ಕೂಡ್ಲೆ ಗುಂಪಿನ ಸುದ್ದಿ, ಸಾಹೇಬ ಬಂದ, ಅರ್ಜಿ ಇಸಕೊಂಡ, ಮ್ಯಾಲ ಕಳಸ್ತೇನಿ ಅಂದ, ಬರದು ಕೊಡಲಿಲ್ಲ, ನಿಮ್ಮ ಪೈಕಿ ಒಬ್ರು ಹತ್ತಿ ಹೋದ್ರಲ್ಲ ಅಂತ ನಕ್ಕ, ಅದರ ಕೆಳಗ ಸಣ್ಣ ಅಕ್ಷರದಾಗ, ಗುದ್ಲೆಪ್ಪ ಅವರು ನಿಮ್ಮನ್ನು ತೆಗೆದಿದ್ದಾರೆ, ಆತು, ಆತು, ಆಮ್ಯಾಲ ಅಳ್ತೇನಿ, ಈಗ ಟ್ಯಾಕ್ಸಿ, ಭಯ್ಯಾ ಜಲ್ದಿ, ಸಿಗ್ನಲ್ಲು, ಮತ್ತ ಸಿಗ್ನಲ್ಲು, ಅರ್ಧಾ ತಾಸಿನ ಗಡುವು ಗಾಡಿಯೊಳಗ ಕುಂತಿರೂವಾಗನ ದಾಟಿ ಹೋತು, ಭೇಟಿ ಖೋಲಿ ನೋಡ್ಕೊಳ್ಳೋ ಹೆಣ್ಮಗಳಿಗೆ ಫೋನು ಹಚ್ಚಿದೆ, ಮಗುವಿನ ತಂದಿ ಎದ್ದು ನಿಂತಾರ ಮೇಡಂ, ಅವರಿಗೆ ಹೋಗಾಕ ಹಕ್ಕೈತಿ, ಮಗು ಒಮ್ಮೆ ಹೊಸ್ತಲಾ ದಾಟಿದ್ರ ನಾವು ತಿರುಗಿ ಕರ್ಯಾಕ ಬರಂಗಿಲ್ಲ, ಹಿಂದಿಯೊಳಗ ಅಂದ್ಲು, ಅನಕೋಂತ ಒಮ್ಮೆಲೇ ಅಯ್ಯೋ, ಮಗು, ಅಂದ್ಲು, ಏನಾತು ಅಂದೆ, ಫೋನು ಕಟ್ಟಾತು — ಕೋರ್ಟಿನ ಗೇಟು, ಮೆಟ್ಟಲಾ, ಉದ್ದ ಪಡಸಾಲಿ, ಕೌದಿ ಒಂದು ತುದಿ ನೆಲಾ ಬಳಕೋಂತ ಬರಾಕತ್ತೈತಿ, ಮಂದಿ ಸರದು ನಿಂತು ನೋಡಾಕತ್ತಾರ, ಹುಚ್ಚಿ ಅನ್ಕೊಳ್ಳಲಿ, ಪಡಸಾಲಿ ತುದಿಗೆ ಫಕ್ಕೀರೇಶ, ಕೈಯಾಗ ನೀಲಾನ ಸ್ವೆಟರು, ಅಂವ ಹೊರಗ ನಿಂತಾನ, ಮಾರಿ ಕೆಂಪಾಗೇತಿ, ಎಂದೂ ದನಿ ಏರಿಸದಾಂವ ಏರಿಸ್ಯಾನೇನೋ, ಆ ಹೆಣ್ಮಗಳು ಬಾಗಲಾ ಹಿಡದು ನಿಂತಾಳ, ನಡುವ ನೀಲಾ, ಎರಡೂ ಕೈಲೆ ಚೌಕಟ್ಟು ಅವಚಿ ಹಿಡದಾಳ, ಅಪ್ಪ ಹೊಂಡು ಅಂದಾಗ ಹೊಂಟಾಳ, ಹೊಸ್ತಲಾ ತನಕಾ ಬಂದಾಳ, ಅಲ್ಲಿ ನಿಂತಾಳ, ಸರಿದಿಲ್ಲ, ಪೂರಾ ದಾಟಿಲ್ಲ, ಅಳಾಕತ್ತಿಲ್ಲ, ಯಾರ ಮಾರಿನೂ ನೋಡಾಕತ್ತಿಲ್ಲ, ಎಷ್ಟೊತ್ತಿನಿಂದ ಹಂಗ ನಿಂತಾಳೋ, ಕರಿ ಬೂಟು, ಒಂದು ಬೂಟು ಹೊಸ್ತಲಾ ಹೊರಗ, ಇನ್ನೊಂದು ಒಳಗ, ನಾ ಓಡೂದು ನಿಲ್ಲಿಸೇನಿ, ಯಾಕ ನಿಲ್ಲಿಸಿದೆ, ನೀಲಾ ಅಂತ ಕೂಗಬೇಕು, ಒಳಗಿನ ಬೂಟು, ಅದರ ಲೇಸು ಬಿಚ್ಚೈತಿ, ಬೆರಳು ಒತ್ತಿ ಒತ್ತಿ ಮುಂದಿನ ಚರ್ಮ ಮಡಚೈತಿ, ಒಂದು ಹೊರಗ, ಒಂದು ಒಳಗ, ಒಳಗ