ಸನಮಡಿಗೂ ಮುಚ್ಚಂಡಿಗೂ ನಡುವೆ

ಸನಮಡಿಯಲ್ಲಿ ಮಲಕಾಜಪ್ಪನ ಕುರಿಗಳು ಹಿರೇಬೇನೆ ಬಂದು, ಮೂಗು ಸೋರಿ, ಕೆಮ್ಮಿ ಕೆಮ್ಮಿ ಸಾಯತೊಡಗಿದ್ದವು. ಅದು ಮುಂದೆ ಯಾರ ಹಿಂಡಿಗೆ ತಗಲುತ್ತದೆಂದು ಹೇಳುವ ಕೆಲಸ ಕಾಜಲ್‌ಳ ತಲೆಗೆ ಬಂದಿತ್ತು. ಕುರಿಗಾರರ ಮಗಳು, ಮೇಲೆ ಸಂಖ್ಯಾಶಾಸ್ತ್ರ ಓದಿದವಳು, ಇನ್ನೇನು ಬೇಕು ಎಂದು ಪಶುವೈದ್ಯ ಇಲಾಖೆಯ ಸಾಹೇಬರು ಅವಳನ್ನು ಜತ್ತದ ಬಾಡಿಗೆ ಕೋಣೆಯಲ್ಲಿ ಕೂರಿಸಿ ಕೈತೊಳೆದುಕೊಂಡಿದ್ದರು.

ತಾಲೂಕಿನ ಒಂದೊಂದು ಹಿಂಡಿಗೂ ಕೋಷ್ಟಕದಲ್ಲಿ ಒಂದು ಅಡ್ಡಸಾಲು, ಒಂದು ಉದ್ದಸಾಲು. ಯಾರ ಕುರಿ ಯಾರ ಕುರಿಯೊಡನೆ ಕೂಡಿ ಮೇದಿದೆ ಎಂದು ಕುರಿಗಾರರನ್ನೇ ಕೇಳಿ ತುಂಬಿದ್ದಳು. ಎಷ್ಟು ತುಂಬಿದರೂ ಬಹುಪಾಲು ಬರೀ ಸೊನ್ನೆ. ಅಂಥ ಕೋಷ್ಟಕವನ್ನು ಎರಡು ತೆಳ್ಳನೆಯ ಕೋಷ್ಟಕಗಳಾಗಿ ಒಡೆದು ಮತ್ತೆ ಗುಣಿಸಿದರೆ, ಸೊನ್ನೆ ಇದ್ದಲ್ಲೂ ಅಂಕಿ ಮೂಡುತ್ತದೆ. ಯಾರೂ ಹೇಳದ ನಂಟು ಅಲ್ಲಿರಬಹುದೆಂಬ ಗುಮಾನಿ ಅದು.

ಹಾಗೆ ಮೂಡಿದವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಮಲಕಾಜಪ್ಪನ ಹಿಂಡಿಗೂ ಮುಚ್ಚಂಡಿಯ ಅಮೋಗಸಿದ್ದನ ಹಿಂಡಿಗೂ ನಡುವೆ ಮೂಡಿತು. ಅಮೋಗಸಿದ್ದ ಕಾಜಲ್‌ಳ ಅಪ್ಪ.

ಲೆಕ್ಕ ತಪ್ಪಿರಬೇಕೆಂದು ಅವಳು ಮತ್ತೆ ಒಡೆದಳು, ಮತ್ತೆ ಗುಣಿಸಿದಳು. ಹಾಳಾದ್ದು, ಅದೇ ಅಂಕಿ. ಕುರಿಗಾರರು ಹೇಳಿದ ಪ್ರಕಾರ ಎರಡು ಹಿಂಡುಗಳೂ ಒಂದನ್ನೊಂದು ಕಂಡಿರಲಿಲ್ಲ, ಆದರೆ ಎರಡೂ ವಳಸಂಗದ ಅವೇ ಹಿಂಡುಗಳ ಜೊತೆ ಮೇದಿದ್ದವು. ಮನೆಗೆ ಫೋನ್ ಮಾಡಿದಳು.

“ಅಪ್ಪಾ, ಸನಮಡಿ ಕುರಿ ನಮ್ಮ ಹಿಂಡಿಗಿ ಕೂಡ್ಯಾವೇನು?”

“ಒಂದ್ ಮರೀನೂ ಕೂಡಿಲ್ಲವ್ವಾ. ಆವತ್ತs ಹೇಳೀನಲ್ಲ.”

ಉಸಿರು ಹಗುರಾಯಿತು. ಸುಮ್ಮನೆ ಹೆದರಿದೆ ಎಂದು ತನ್ನನ್ನೇ ಬೈದುಕೊಂಡಳು. ಅಷ್ಟರಲ್ಲಿ ಅವ್ವ ಇಂದುಬಾಯಿಯ ದನಿ ಹಿಂದಿನಿಂದ ಕೇಳಿತು: “ದೇವರ ಟಗರು ಬಂದೈತಿ ಅಂತ ಹೇಳ್ರಿ ಅಕಿಗಿ!”

“ಹೌದವ್ವಾ, ಮರತs ಬಿಟ್ಟಿದ್ದೆ,” ಅಪ್ಪನ ದನಿ ಅರಳಿತು. “ನಿನ್ನಿ ತಾನs ನಡಕೋತ ಬಂತು. ನಮ್ಮ ಪುಣ್ಯಾ. ಹಣಿಗಿ ಭಂಡಾರ ಹಚ್ಚಿ ನಮ್ಮ ಕುರಿ ದಡ್ಡ್ಯಾಗ ಬಿಟ್ಟೇನಿ.”

“ಎಲ್ಲಿಂದ ಬಂತಪ್ಪಾ?”

“ದೇವರಿಗಿ ಬಿಟ್ಟಿದ್ದಕ್ಕ ಎಲ್ಲಿಂದ ಬಂದಿ ಅಂತ ಕೇಳ್ತಾರೇನು? ಮಲಕಾಜಪ್ಪನ ಹಿಂಡಿನ್ಯಾಗ ಇತ್ತಂತ.”

ಯಾರ ಕುರಿ, ಯಾರ ಕುರಿ ಎಂದೇ ಕಾಜಲ್ ಎಲ್ಲರನ್ನೂ ಕೇಳಿದ್ದಳು. ದೇವರಿಗೆ ಬಿಟ್ಟ ಟಗರು ಯಾರದೂ ಅಲ್ಲ. ಅದು ಬೇಕಾದ ಹಿಂಡಿಗೆ ಹೋಗುತ್ತದೆ, ಬೇಕಾದಾಗ ಬಿಡುತ್ತದೆ, ಯಾರೂ ತಡೆಯುವುದಿಲ್ಲ. ಚಿಕ್ಕಂದಿನಿಂದ ನೋಡಿದವಳಿಗೇ ಅದು ನೆನಪಾಗಿರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ.

ಫೋನಿನಲ್ಲಿ ಒಂದು ಕೆಮ್ಮು ಕೇಳಿಸಿತು. ಮನುಷ್ಯರದ್ದಲ್ಲ.

“ಅಪ್ಪಾ, ಅದನ್ನ ಹೊರಗ ಹಾಕು! ಈಗಿಂದೀಗ!” ಎಂದು ಚೀರಿದಳು.

“ಹುಚ್ಚಿ, ದೇವರನ್ನ ಹೊರಗ ಹಾಕ್ತಾರೇನು?” ಅಪ್ಪ ನಕ್ಕ. “ಸ್ವಲ್ಪ ಥಂಡಿ ಆಗೇತಿ, ಮೂಗು ಸೋರಾಕ ಹತ್ತೇತಿ ಅಷ್ಟs. ಮರಿಗೋಳು ನೋಡು, ಬಿಡವಲ್ವು. ಮುತ್ಕೊಂಡು ಅದರ ಮೂಗು ನೆಕ್ಕಾಕತ್ಯಾವ.”