ನೆರಿಗೆಯೊಳಗಿನ ತಾಮ್ರ

ಬಿಚ್ಚಿ ಕಟ್ಟಿದ ಎಂಜಿನ್ನು ಮೊದಲ ಸಾವಿರ ಕಿಲೋಮೀಟರು ಓಡಿ ಬಂದಾಗ ಅದರ ಆಯಿಲ್ ಫಿಲ್ಟರನ್ನು ಗಿರಾಕಿಯ ಕಣ್ಣೆದುರಿಗೇ ಕೊಯ್ದು ನೋಡುವುದು ಮೇಸ್ತ್ರಿಯ ಗ್ಯಾರೇಜಿನ ನಲವತ್ತು ವರ್ಷದ ಪದ್ಧತಿ. ಉಳಿದ ಗ್ಯಾರೇಜುಗಳಲ್ಲಿ ಹಳೆಯ ಫಿಲ್ಟರು ನೇರವಾಗಿ ಕಸದ ಡ್ರಮ್ಮಿಗೆ ಹೋಗುತ್ತದೆ; ಅಲ್ಲಿನವರಿಗೆ ತಮ್ಮ ಕೆಲಸದ ಮೇಲೆ ಅಷ್ಟು ನಂಬಿಕೆ. ಮೇಸ್ತ್ರಿ ಮಾತ್ರ ತಗಡಿನ ಡಬ್ಬಿಯನ್ನು ಬಿಡಿಸಿ, ಒಳಗಿನ ಕಾಗದದ ನೆರಿಗೆಗಳನ್ನು ಮೇಜಿನ ಮೇಲೆ ಹರಡಿ, ನಾಡಿ ಹಿಡಿದ ವೈದ್ಯರ ಗಾಂಭೀರ್ಯದಲ್ಲಿ ಬಗ್ಗಿ ನೋಡುತ್ತಿದ್ದರು. ಮ್ಯಾಗ್ನೆಟ್ಟಿಗೆ ಕಬ್ಬಿಣದ ಚೂರು ಅಂಟಿದರೆ ಎಂಜಿನ್ನಿನಲ್ಲಿ ಏನೋ ಕಿತ್ತುಹೋಗುತ್ತಿದೆ ಎಂದು ಅರ್ಥ. ಮ್ಯಾಗ್ನೆಟ್ಟಿಗೆ ಸೊಪ್ಪು ಹಾಕದ ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗ್ ಸವೆಯುತ್ತಿದೆ ಎಂದು ಅರ್ಥ. ಮೇಸ್ತ್ರಿ ಕಟ್ಟಿದ ಎಂಜಿನ್ನಿನಲ್ಲಿ ಎರಡೂ ಕಾಣುತ್ತಿರಲಿಲ್ಲ. "ಶುದ್ಧ" ಅನ್ನುತ್ತಿದ್ದರು. ಗಿರಾಕಿ ತನಗೂ ಏನೋ ಅರ್ಥವಾದವನ ಹಾಗೆ ತಲೆಯಾಡಿಸುತ್ತಿದ್ದ.

ಈಚೆಗೆ ಮೇಸ್ತ್ರಿಯ ಮೊಣಕಾಲು ಲಾರಿಯ ಕೆಳಗಿನ ಗುಂಡಿಗೆ ಇಳಿಯಲು ಒಪ್ಪುತ್ತಿರಲಿಲ್ಲ. ಹಾಗಾಗಿ ಎಂಜಿನ್ ಕೋಣೆ ಯಾರ ಕೈಗೆ ಎಂಬ ಪ್ರಶ್ನೆ ಎದ್ದಿತ್ತು. ಹಕ್ಕುದಾರರು ಇಬ್ಬರು. ಒಬ್ಬಳು ಕಿರಿಯ ಮಗಳು, ಹತ್ತು ವರ್ಷ ಅಪ್ಪನ ಪಕ್ಕದಲ್ಲಿ ನಿಂತು ಕೆಲಸ ಕಲಿತವಳು. ಮಾತು ಕಡಿಮೆ, ಉಗುರಿನ ಸಂದಿಯಲ್ಲಿ ಗ್ರೀಸು ಜಾಸ್ತಿ. ಇನ್ನೊಬ್ಬ ಹಿರಿಯ ಮಗಳ ಗಂಡ. ಈ ಅಳಿಯನಿಗೆ ಸ್ಪ್ಯಾನರಿನ ಅಳತೆ ತಿಳಿಯದಿದ್ದರೂ ಲೋಕದ ಅಳತೆ ಚೆನ್ನಾಗಿ ತಿಳಿದಿತ್ತು. ಎಂಜಿನ್ ಕೋಣೆಗೆ ಗಾಜಿನ ಬಾಗಿಲು ಹಾಕಿಸಿ ಸೀಟ್ ಕವರಿನ ಅಂಗಡಿ ಮಾಡಬೇಕೆಂಬುದು ಅವನ ಕನಸು.

"ಎಂಜಿನ್ ಯಾರ ಕಣ್ಣಿಗೆ ಬೀಳತ್ತೆ ಮಾವ? ಸೀಟ್ ಕವರ್ ಆದ್ರೆ ಕೂತೋರಿಗೆಲ್ಲ ಕಾಣತ್ತೆ," ಅನ್ನುತ್ತಿದ್ದ.

ಕೂತ ಮೇಲೆ ಕಾಣದಿರುವ ವಸ್ತು ಅದೊಂದೇ ಎಂದು ಮೇಸ್ತ್ರಿ ಹೇಳಲು ಹೋಗಲಿಲ್ಲ. ಅಳಿಯನಿಗೆ ಎದುರಾಡಬಾರದೆಂಬುದು ಮಾವಂದಿರು ತಲೆತಲಾಂತರದಿಂದ ಮರ್ಯಾದೆಯೆಂಬ ಹೆಸರಿನಲ್ಲಿ ಸಾಕಿಕೊಂಡು ಬಂದ ಹೇಡಿತನ. ಅವರು ಹಾವೂ ಸಾಯದಂತೆ ಕೋಲೂ ಮುರಿಯದಂತೆ ಒಂದು ತೀರ್ಪು ಕೊಟ್ಟರು. ಹಾಲಿನ ಲಾರಿಯೊಂದರ ಎಂಜಿನ್ನು ಕೆಲಸಕ್ಕೆ ಬಂದಿತ್ತು. ಅದನ್ನು ಮಗಳು ಒಬ್ಬಳೇ ಬಿಚ್ಚಿ ಕಟ್ಟಲಿ. ಸಾವಿರ ಕಿಲೋಮೀಟರಿನ ಫಿಲ್ಟರು ಶುದ್ಧವಾಗಿ ಬಂದರೆ ಕೋಣೆ ಅವಳಿಗೆ; ಇಲ್ಲವಾದರೆ ಗಾಜಿನ ಬಾಗಿಲು. ಅಳಿಯ ಅಂದಿನಿಂದಲೇ ಗೋಡೆಗಳನ್ನು ಟೇಪು ಹಿಡಿದು ಅಳೆಯತೊಡಗಿದ. ಎಂಜಿನ್ನಿನ ಬಗ್ಗೆ ಅವನು ತೋರಿದ ಮೊದಲ ಆಸಕ್ತಿ ಅದು.

ಮಗಳು ಕಟ್ಟಿಕೊಟ್ಟ ಎಂಜಿನ್ನಿನಲ್ಲಿ ಸಾವಿರ ಕಿಲೋಮೀಟರು ಓಡಿ, ಒಂದು ಬೆಳಿಗ್ಗೆ ಹಾಲಿನ ಲಾರಿ ವಾಪಸು ಬಂತು. ಜೊತೆಗೆ ಅದರ ಯಜಮಾನರೂ ಬಂದರು. ಮಗಳು ಎಣ್ಣೆ ಇಳಿಸಿ, ಫಿಲ್ಟರು ಬಿಚ್ಚಿ ಮೇಜಿನ ಮೇಲಿಟ್ಟು, ಹೊಸ ಎಣ್ಣೆ ತರಲು ಎದುರಿನ ಅಂಗಡಿಗೆ ಹೋದಳು. ಹತ್ತು ನಿಮಿಷವೂ ಆಗಿರಲಿಲ್ಲ. ಅಷ್ಟರಲ್ಲಿ ಅಳಿಯನಿಗೆ ಕರ್ತವ್ಯಪ್ರಜ್ಞೆ ಉಕ್ಕಿತು. ಮೇಸ್ತ್ರಿಯ ಕಟರು ಹಲ್ಲಿಲ್ಲದ ಚಕ್ರದ್ದು. ಡಬ್ಬಿಯ ಸುತ್ತ ತಾಳ್ಮೆಯಿಂದ ತಿರುಗಿಸುತ್ತ ಹೋಗಬೇಕು. ತಾಳ್ಮೆ ಎಲ್ಲಿಂದ ತರುವುದು? ಕೈಗೆ ಸಿಕ್ಕ ಗರಗಸ ತೆಗೆದುಕೊಂಡು ಕರಕರನೆ ಕೊಯ್ದುಬಿಟ್ಟ. ಮೇಸ್ತ್ರಿ ಕುರ್ಚಿಯಿಂದ ಏಳುವಷ್ಟರಲ್ಲಿ ನೆರಿಗೆಗಳು ಹೊರಗಿದ್ದವು.

ಮಗಳು ಬಂದು ನೋಡಿದರೆ ಮ್ಯಾಗ್ನೆಟ್ಟಿನ ತುಂಬ ಕಬ್ಬಿಣದ ಎಳೆಗಳು ನಿಮಿರಿ ನಿಂತಿದ್ದವು.

"ನೋಡಿ ಮಾವ, ನಿಮ್ಮ ಮಗಳ ಎಂಜಿನ್ನಿಗೆ ಸಾವಿರ ಕಿಲೋಮೀಟರಿಗೇ ಮೀಸೆ ಬಂತು," ಎಂದ ಅಳಿಯ, ದುಃಖದಿಂದ ಅನ್ನುವ ಹಾಗೆ.

ಯಜಮಾನರ ಮುಖ ಒಡೆದ ಹಾಲಿನಂತಾಯಿತು. ಮಗಳು ಆ ಮೀಸೆಯನ್ನು ಬೆಳಕಿಗೆ ಹಿಡಿದಳು. ಎಳೆಗಳು ಫಳಫಳ ಹೊಳೆಯುತ್ತಿದ್ದವು, ಅಂಚು ಚೂಪಾಗಿತ್ತು. ಸಾವಿರ ಕಿಲೋಮೀಟರು ಬಿಸಿ ಎಣ್ಣೆಯಲ್ಲಿ ಬೆಂದ ಕಬ್ಬಿಣ ಇಷ್ಟು ಸಿಂಗಾರವಾಗಿರುವುದಿಲ್ಲ. ಯಾವುದರಲ್ಲಿ ಕೊಯ್ದದ್ದೆಂದು ಭಾವನನ್ನು ಕೇಳಿದಳು. ಯಾವುದರಲ್ಲಿ ಕೊಯ್ದದ್ದೆಂಬುದು ಮುಖ್ಯವಲ್ಲ, ಒಳಗೇನಿದೆ ಎಂಬುದು ಮುಖ್ಯ ಎಂದು ಭಾವ ವೇದಾಂತ ಹೇಳಿದ. ಅವಳು ವಾದಕ್ಕೆ ಹೋಗದೆ ಕಪಾಟಿನಿಂದ ಒಂದು ಹೊಸ ಫಿಲ್ಟರು ತೆಗೆದು, ಯಜಮಾನರ ಎದುರಿಗೇ ಪೆಟ್ಟಿಗೆಯ ಸೀಲು ಒಡೆದು, ಭಾವನ ಕೈಗಿಟ್ಟಳು.

"ಇದನ್ನೂ ಹಾಗೇ ಕುಯ್ದು ಕೊಡಿ ಭಾವ."

ಗಿರಾಕಿಯ ಮುಂದೆ ಇಲ್ಲವೆನ್ನಲಾರದೆ ಕೊಯ್ದ. ಮ್ಯಾಗ್ನೆಟ್ಟು ಆಡಿಸಿದರೆ ಅದೇ ಮೀಸೆ, ಒಂದು ಕೂದಲೂ ಹೆಚ್ಚುಕಮ್ಮಿಯಿಲ್ಲ. ಯಾವ ಎಂಜಿನ್ನಿನ ಮುಖವನ್ನೂ ನೋಡದ ಫಿಲ್ಟರು, ಕಪಾಟಿನಲ್ಲಿ ಕೂತಲ್ಲೇ ಅದೇ ಕಾಯಿಲೆ ತರಿಸಿಕೊಂಡಿತ್ತು. ಗರಗಸದ ಹಲ್ಲಿಗೆ ಉದುರಿದ ತಗಡಿನ ಪುಡಿ ಇದೆಂದು ಯಜಮಾನರಿಗೂ ಹೊಳೆಯಿತು. ಅಳಿಯ ಮಾತ್ರ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ಓದುತ್ತ, ಕಂಪನಿಯವರೂ ಈಗೀಗ ಮೊದಲಿನ ಹಾಗೆ ಮಾಡುತ್ತಿಲ್ಲವೆಂದು ಕೊರಗಿದ.

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಮೇಸ್ತ್ರಿ "ಶುದ್ಧ" ಅನ್ನಲು ಬಾಯಿ ತೆರೆದಿದ್ದರು, ಯಜಮಾನರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಮಗಳು ಮಾತ್ರ ಗರಗಸದ ಪುಡಿಯನ್ನು ಪೆಟ್ರೋಲಿನಲ್ಲಿ ತೊಳೆದು, ಲಾರಿಯ ಫಿಲ್ಟರಿನ ಕಾಗದವನ್ನು ನೆರಿಗೆ ನೆರಿಗೆಯಾಗಿ ಬಿಡಿಸುತ್ತ ಹೋದಳು. ಒಂದು ನೆರಿಗೆಯ ತಳದಲ್ಲಿ ಎರಡು ಚೂರು ಕಂಡವು. ಸಾಸಿವೆಕಾಳಿನ ಅರ್ಧದಷ್ಟು, ಚಪ್ಪಟೆ, ತಾಮ್ರದ ಬಣ್ಣ. ಮ್ಯಾಗ್ನೆಟ್ಟು ಹಿಡಿದಳು. ಬರಲಿಲ್ಲ.

ಅಪ್ಪನ ಕನ್ನಡಕ ಹಣೆಯ ಮೇಲಿತ್ತು. ಭಾವ ಕಂಪನಿಯ ವಿಳಾಸ ಹುಡುಕುತ್ತಿದ್ದ. ಕಾಗದವನ್ನು ಮತ್ತೆ ಮಡಿಸಿದರೆ ಕೋಣೆ ಅವಳದು. ಅವಳು ತಲೆ ತಗ್ಗಿಸಿ ಆ ನೆರಿಗೆಯನ್ನೇ ನೋಡುತ್ತಿದ್ದಳು. ಗೆದ್ದವಳ ವಿನಯವೆಂದು ಎಲ್ಲರೂ ಮೆಚ್ಚಿಕೊಂಡರು.

"ಅಪ್ಪ, ತಾಮ್ರ ಇದೆ," ಎಂದಳು ಕೊನೆಗೆ. "ಇದು ಗರಗಸದ್ದಲ್ಲ. ನನ್ನದು."

ಅಳಿಯನಿಗೆ ಹೋದ ಜೀವ ಬಂತು. ನಾದಿನಿಯ ಪ್ರಾಮಾಣಿಕತೆಯನ್ನು ಅವನಷ್ಟು ಬಾಯಿತುಂಬ ಹೊಗಳಿದವರು ಇಲ್ಲ. ಹೊಗಳಿಕೆ ಮುಗಿಸಿ ವಿಷಯಕ್ಕೆ ಬಂದ: ಷರತ್ತು ಷರತ್ತೇ. ಮಾವನವರ ಫಿಲ್ಟರಿನಲ್ಲಿ ನಲವತ್ತು ವರ್ಷದಲ್ಲಿ ಇಂಥದ್ದೊಂದು ಚೂರು ಸಿಕ್ಕಿದ್ದುಂಟೇ? ಬೇಕಾದರೆ ಅವರನ್ನೇ ಕೇಳಬಹುದು.

ಅವರನ್ನು ಕೇಳಬೇಕಾಗಲಿಲ್ಲ.

"ಸಿಕ್ತಿತ್ತು," ಎಂದರು ಮೇಸ್ತ್ರಿ.

ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿಕೊಂಡು ಆ ಚೂರುಗಳನ್ನು ನೋಡಿದರು.

"ಹೆಬ್ಬೆರಳಲ್ಲಿ ಒರೆಸಿಬಿಡ್ತಿದ್ದೆ. ಹದಿನೈದು ದಿನ ಬಿಟ್ಟು ಉಚಿತ ತಪಾಸಣೆ ಅಂತ ಕರೆಸ್ಕೊಂಡು ಸರಿಮಾಡಿ ಕಳಿಸ್ತಿದ್ದೆ."

ಯಜಮಾನರು ಗಡಿಯಾರ ಬಿಟ್ಟು ಮೇಸ್ತ್ರಿಯ ಕಡೆ ತಿರುಗಿದರು. "ನನ್ನ ಹಳೇ ಲಾರಿಗೆ ಮೂರು ಸಲ ಉಚಿತ ತಪಾಸಣೆ ಮಾಡಿದ್ರಲ್ಲ ಮೇಸ್ತ್ರಿ."

"ಹೂಂ."

"ಎಂಥ ದೇವರಂಥ ಮನುಷ್ಯ ಅಂತ ಊರೆಲ್ಲ ಹೇಳ್ಕೊಂಡು ಬಂದೆ."

"ಕೇಳಿದ್ದೆ," ಎಂದರು ಮೇಸ್ತ್ರಿ, ನೆಲ ನೋಡುತ್ತ.

ಮಗಳು ಯಜಮಾನರಿಗೆ ನೇರವಾಗಿ ಹೇಳಿದಳು. ಲಾರಿ ಇವತ್ತು ಇಲ್ಲೇ ಇರಬೇಕು. ಹೀಗೇ ಓಡಿಸಿದರೆ ಯಾವತ್ತೋ ಒಂದು ದಿನ ನಡುದಾರಿಯಲ್ಲಿ ಬೇರಿಂಗ್ ಕಚ್ಚಿಕೊಂಡು ಎಂಜಿನ್ ನಿಲ್ಲುತ್ತದೆ. ಬೇರಿಂಗುಗಳೊಳಗೆ ತಿರುಗುವ ದಂಡವಾದ ಕ್ರ್ಯಾಂಕನ್ನು ಸಾಣೆ ಹಿಡಿಸಿ ತಂದ ಮೇಲೆ ಅದರ ಎಣ್ಣೆ ತೂತುಗಳಿಗೆ ಗಾಳಿ ಊದಿದ್ದಳು, ಬ್ರಷ್ ಹಾಕಿ ತಿಕ್ಕಿರಲಿಲ್ಲ. ಸಾಣೆಯ ಮರಳು ಎಲ್ಲೋ ಉಳಿದುಕೊಂಡು ಬೇರಿಂಗನ್ನು ಕೆರೆಯುತ್ತಿರಬೇಕು. ಸಂಜೆಯೊಳಗೆ ಸರಿಯಾಗುತ್ತದೆ, ಅವರು ಏನೂ ಕೊಡಬೇಕಾಗಿಲ್ಲ. ಯಜಮಾನರು ಹಾಲಿಗೆ ಬೇರೆ ಟೆಂಪೋ ಹುಡುಕಬೇಕಾಯಿತೆಂದು ಬೈದರು, ಅಪ್ಪನನ್ನೂ ಮಗಳನ್ನೂ ಸಮನಾಗಿ ಬೈದರು. ಆದರೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟದ್ದು ಮಗಳ ಮುಂದೆ.

ಅಳಿಯ ಮತ್ತೆ ವಿಷಯಕ್ಕೆ ಬಂದ. "ಅದೆಲ್ಲ ಸರಿ ಮಾವ. ಫಿಲ್ಟರ್ ಶುದ್ಧ ಇರಲಿಲ್ಲ. ಷರತ್ತಿನ ಪ್ರಕಾರ..."

"ಆ ಷರತ್ತಿನ ಪ್ರಕಾರ ಹೋದ್ರೆ," ಎಂದರು ಮೇಸ್ತ್ರಿ, "ನಾನು ನಲವತ್ತು ವರ್ಷದ ಹಿಂದೇನೇ ಇಲ್ಲಿ ಸೀಟ್ ಕವರ್ ಮಾರ್ಬೇಕಿತ್ತು."

ಅಳಿಯನಿಗೆ ಮಾವ ಎದುರಾಡಿದ ಮೊದಲ ದಿನ ಅದು. ಅವನು ಟೇಪನ್ನು ಜೇಬಿನಲ್ಲಿ ಮುಟ್ಟಿ ನೋಡಿಕೊಂಡು, ಮನೆಯಲ್ಲಿ ಹೆಂಡತಿಗೆ ಈ ಅನ್ಯಾಯವನ್ನು ಯಾವ ಕ್ರಮದಲ್ಲಿ ಹೇಳಬೇಕೆಂದು ಯೋಚಿಸುತ್ತ ಹೊರಟ.

ಮಗಳು ಗುಂಡಿಗೆ ಇಳಿದಳು. ಮೇಸ್ತ್ರಿ ಮೇಲೆ ಮಣೆಯೊಂದರ ಮೇಲೆ ಕೂತು ಕೆಳಕ್ಕೆ ದೀಪ ಹಿಡಿದರು. ಪಕ್ಕದಲ್ಲಿ, ಹೋಗಬೇಕೆಂದು ಹೇಳುತ್ತಲೇ ಹೋಗದ ಯಜಮಾನರು ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ ಮೂರನೆಯ ಕನೆಕ್ಟಿಂಗ್ ರಾಡಿನ ಬೇರಿಂಗ್ ಕೈಗೆ ಬಂತು. ಅದರ ಮೇಲೆ ಉಗುರಿನಿಂದ ಗೀರಿದ ಹಾಗೆ ಒಂದು ಗೆರೆ, ಗೆರೆಯ ಆಚೀಚೆ ತಾಮ್ರ ಇಣುಕುತ್ತಿತ್ತು. ಎಣ್ಣೆ ಸುರಿಯುತ್ತಿದ್ದ ಅದನ್ನು ಅವಳು ಮೇಲಕ್ಕೆ ಚಾಚಿದಳು. ಮೇಸ್ತ್ರಿ ತೆಗೆದುಕೊಂಡರು. ನಲವತ್ತು ವರ್ಷದ ಹೆಬ್ಬೆರಳು ತಾನಾಗಿಯೇ ಅದರ ಮೇಲೆ ಹೋಯಿತು.

"ಅಪ್ಪ, ಒರೆಸ್ಬೇಡ," ಎಂದಿತು ಗುಂಡಿಯೊಳಗಿನ ಧ್ವನಿ. "ಅವರಿಗೆ ಹಾಗೇ ತೋರಿಸು."

ಮೇಸ್ತ್ರಿ ಹಾಗೇ ತೋರಿಸಿದರು.